ಹೆಸರೂ ಒಡಲೂ: ಜಾವಾ–ಯೆಜ್ಡಿ ವಾಹನದ ಏಳುಬೀಳು

ವ್ಯಾಕರಣವನ್ನು ಬಲ್ಲವರಿಗೆ ನಾಮಪದದ ಮೂರು ಬಗೆಗಳು ಪರಿಚಿತವಾದುವೇ. ನದಿ, ಪರ್ವತ, ಮರ ಎಂಬಂತೆ ರೂಢಿಯಿಂದ ಬಂದವು ರೂಢನಾಮಗಳು. ವ್ಯಾಪಾರಿ, ಪಂಡಿತ, ಕುಂಟ ಎಂಬಂತೆ ಅರ್ಥವನ್ನು ಅನುಸರಿಸಿ ಬಂದವು ಅನ್ವರ್ಥನಾಮಗಳು. ಗುರುತಿಗಾಗಿ ಇಟ್ಟುಕೊಂಡವು ಅಂಕಿತನಾಮಗಳು. ವ್ಯಾಪಾರದ ಲೋಕದಲ್ಲಿ ಈ ಮೂರೂ ಒಂದರೊಳಗೊಂದು ಬೆರೆತುಕೊಳ್ಳುವ ಸೋಜಿಗವುಂಟು. ಕಾರಖಾನೆಯವನು ತನ್ನ ಸರಕಿಗೊಂದು ಅಂಕಿತವನ್ನಿಡುತ್ತಾನೆ. ಜನ ಅದನ್ನು ಮೆಚ್ಚಿ ಬಾಯಲ್ಲಿ ಬಳಸತೊಡಗಿದರೆ ಅದು ರೂಢನಾಮವಾಗಿಬಿಡುತ್ತದೆ. ವನಸ್ಪತಿಯನ್ನೆಲ್ಲ ಡಾಲ್ಡಾ ಎಂದು ಕರೆದಂತೆ. ಹೆಸರು ಕಿವಿಗೆ ಬಿದ್ದೊಡನೆಯೇ ಒಂದು ಗುಣ ಮನಸ್ಸಿಗೆ ಹೊಳೆಯುವಂತಾದರೆ ಅದು ಅನ್ವರ್ಥವೂ ಆಯಿತು. ಇಂಥ ಪದವಿಗೇರಿದ ಹೆಸರುಗಳು ಹೇಗೆ ಕುಸಿಯುತ್ತವೆ ಎಂಬುದು ವ್ಯಾಪಾರಸ್ಥರಿಗೆ ಮಾತ್ರವಲ್ಲ, ಶಬ್ದಾರ್ಥಗಳ ಸಂಬಂಧವನ್ನು ಚಿಂತಿಸುವವರಿಗೂ ವಿಚಾರಾರ್ಹವಾದ ಸಂಗತಿ.

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಭಾಗದ ಹಿರಿಯರಿಗೆ ‘ಜಾವಾ’ ಎಂಬುದು ಅಂಥದೊಂದು ಹೆಸರು. ೧೯೬೦ರ ದಶಕದಿಂದ ೧೯೮೦ರ ದಶಕದ ಆರಂಭದವರೆಗೆ ನಮ್ಮ ದೇಶದಲ್ಲಿ ದೊರೆಯುತ್ತಿದ್ದ ಮೋಟರ್‌ಸೈಕಲ್‌ಗಳಲ್ಲಿ ಹೇಳಿಕೊಳ್ಳತಕ್ಕವು ಮೂರೇ: ಮದರಾಸಿನ ಎನ್‌ಫೀಲ್ಡ್ ಬುಲೆಟ್, ಉತ್ತರದ ಎಸ್ಕಾರ್ಟ್ಸ್ ಕಂಪನಿಯ ರಾಜದೂತ, ಮೈಸೂರಿನ ಜಾವಾ. ಉಳಿದ ಸಂಚಾರವೆಲ್ಲ ಸೈಕಲ್ಲು, ಚಕ್ಕಡಿ, ಸರಕಾರಿ ಬಸ್ಸು, ಅಳ್ನಾವರ–ದಾಂಡೇಲಿ ರೈಲು. ಫಟಫಟಿಯ ಮೇಲೆ ಬರುವವನು ಊರಿಗೆ ದೂರದಿಂದಲೇ ತಿಳಿಯುತ್ತಿದ್ದನು. ಅದು ಬುಲೆಟ್ಟೋ ಜಾವಾವೋ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ಹೇಳುತ್ತಿತ್ತು. ಬುಲೆಟ್ಟಿನದು ಬಿಡಿಬಿಡಿಯಾದ ಗಂಭೀರ ಗುಡುಗು. ಜಾವಾದ್ದು ಒಂದರ ಬೆನ್ನಿಗೊಂದು ಬರುವ ಟಂಟಂಕಾರ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದು ಮುಂದೆ ಬರುತ್ತದೆ. ಆ ವಾಹನ ಮೇಲೆದ್ದುದೂ ಅದರಿಂದಲೇ, ಕೆಳಗೆ ಬಿದ್ದುದಕ್ಕೂ ಮುಖ್ಯವಾಗಿ ಅದೇ ಕಾರಣ.

ಮೊದಲು ಹೆಸರಿನ ಮಾತು. ಜಾವಾ ಎಂಬುದಕ್ಕೂ ಪೂರ್ವ ಸಮುದ್ರದ ಜಾವಾ ದ್ವೀಪಕ್ಕೂ ಏನೂ ಸಂಬಂಧವಿಲ್ಲ. ಯುರೋಪಿನ ಚೆಕೊಸ್ಲೊವಾಕಿಯಾ ದೇಶದ ಪ್ರಾಗ್ ನಗರದಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬ ಎಂಜಿನಿಯರನಿದ್ದನು. ಆಯುಧಗಳ ತಯಾರಿಕೆಯಲ್ಲಿ ಹೆಸರಾಗಿದ್ದ ಆತ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಸುವ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲಕ್ಷರವನ್ನೂ ಆ ಕಂಪನಿಯ ಮೊದಲಕ್ಷರವನ್ನೂ ಕೂಡಿಸಿ ಹೊಸ ಅಂಕಿತವನ್ನು ಮಾಡಿದನು. ಚೆಕ್ ಜನರ ಬಾಯಲ್ಲಿ ಅದು ‘ಯಾವಾ’. ರೋಮನ್ ಲಿಪಿಯ ಆ ಅಕ್ಷರವನ್ನು ಇಂಗ್ಲಿಷಿನವರು ಜಕಾರವಾಗಿ ಓದುವುದರಿಂದ ನಮಗೆ ಅದು ‘ಜಾವಾ’ ಆಗಿ ಬಂದಿತು. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಯಾತ್ರೆ ಜಾತ್ರೆಯಾದುದು, ಯೋಗಿ ಜೋಗಿಯಾದುದು, ಯಮ ಜವನಾದುದು, ಯಾಮ ಜಾವವಾದುದು ನಮ್ಮ ತದ್ಭವ ಪ್ರಕರಣದಲ್ಲಿಯೇ ಉಂಟು. ಯಾವಾ ಜಾವಾ ಆದುದು ಆ ನಿಯಮದಿಂದಲ್ಲವಾದರೂ, ಬಂದ ಅತಿಥಿ ನಮ್ಮ ಮನೆಯ ಉಡುಪನ್ನೇ ತೊಟ್ಟು ಬಂದಂತಾಯಿತು.

ಯಾನೆಚೆಕ್ ೧೯೪೧ರಲ್ಲಿ ತೀರಿಕೊಂಡನು. ಆಗ ಆ ನಾಡು ಜರ್ಮನರ ವಶದಲ್ಲಿತ್ತು. ಯುದ್ಧಕಾಲದಲ್ಲಿ ಕಾರಖಾನೆಯ ಕುಶಲಿಗಳು ಗುಟ್ಟಾಗಿ ರೂಪಿಸಿದ ೨೫೦ ಸಿ.ಸಿ.ಯ ಹೊಸ ವಾಹನವೊಂದು ೧೯೪೬ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಬೆಳಕಿಗೆ ಬಂದಿತು. ಹಿಂದಿನ ಗಾಲಿಗೂ ಸ್ಪ್ರಿಂಗು, ಗೇರು ಬದಲಿಸುವಾಗ ತಾನೇ ಬಿಡಿಸಿಕೊಳ್ಳುವ ಕ್ಲಚ್ಚು, ಮೈಯೆಲ್ಲ ಮುಚ್ಚಿದ ನಯವಾದ ರೂಪ: ಇವು ಅಂದಿಗೆ ಹೊಸವು. ಯುದ್ಧಾನಂತರ ಕಾರಖಾನೆ ಸರಕಾರದ ಸ್ವತ್ತಾಯಿತು. ೧೯೫೪ರ ಸುಮಾರಿಗೆ ಅದೇ ವಂಶದ ಸುಧಾರಿತ ಮಾದರಿಯೊಂದು ಬಂದು ದೇಶದೇಶಗಳಿಗೆ ಹೋಯಿತು. ನಮ್ಮ ದೇಶಕ್ಕೂ ಬಂದಿತು.

ಮುಂಬಯಿಯಲ್ಲಿ ಆ ವಾಹನವನ್ನು ತರಿಸಿ ಮಾರುತ್ತಿದ್ದವರು ಇರಾನಿ ಮನೆತನದವರು. ೧೯೫೦ರ ದಶಕದಲ್ಲಿ ವಿದೇಶೀ ವಿನಿಮಯದ ಕೊರತೆಯಿಂದಾಗಿ ಭಾರತ ಸರಕಾರ ಸಿದ್ಧ ವಾಹನಗಳ ಆಮದನ್ನು ಬಿಗಿಮಾಡಿತು; ಬೇಕಾದವರು ಇಲ್ಲಿಯೇ ತಯಾರಿಸಬೇಕೆಂಬುದು ಅಂದಿನ ನೀತಿ. ಆಗ ರುಸ್ತುಮ್ ಇರಾನಿಯವರು ಚೆಕ್ ಕಂಪನಿಯ ಪರವಾನಗಿ ಪಡೆದು ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಎಂಬ ಕಂಪನಿಯನ್ನು ಕಟ್ಟಿದರು. ಯಾದವಗಿರಿಯಲ್ಲಿ ೧೯೬೦–೬೧ರಲ್ಲಿ ಕಾರಖಾನೆ ಮೇಲೆದ್ದಿತು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿ ಆಗ ಐದೇ ವರ್ಷ. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರಖಾನೆಯೂ ಹೊಸದು. ಹೊಸ ರಾಜ್ಯದ ದಕ್ಷಿಣದ ತುದಿಯಲ್ಲಿ ತಯಾರಾದ ವಾಹನ ಉತ್ತರದ ಕಾಡಿನ ದಾರಿಗೆ ಬಂದಿತೆಂಬುದನ್ನು ಏಕೀಕರಣದ ಸಣ್ಣದೊಂದು ಫಲವೆಂದರೂ ತಪ್ಪಲ್ಲ.

ಆ ದಾರಿಗಳಿಗೆ ಆ ವಾಹನ ಏಕೆ ಒಗ್ಗಿತು? ಹಳಿಯಾಳದ ಬಯಲು ದಾಟಿ ದಾಂಡೇಲಿಗೆ ಹೋಗುವಲ್ಲಿ ಕಾಡು ಆರಂಭ. ಅಲ್ಲಿಂದ ಗಣೇಶಗುಡಿ, ಜೊಯಿಡಾ, ಅಣಶಿ ಘಟ್ಟದವರೆಗೆ ಏರಿಳಿತ, ತಿರುವು, ಮಳೆಗಾಲದಲ್ಲಿ ಕೆಮ್ಮಣ್ಣಿನ ಕೆಸರು. ಮುಂಡಗೋಡದಿಂದ ಯಲ್ಲಾಪುರದ ಕಡೆಗೂ ಅದೇ ಬಗೆ. ಇಂಥಲ್ಲಿ ಸರಪಳಿಗೆ ಕೆಸರು ಮೆತ್ತಿದರೆ ಬೇಗ ಸವೆಯುತ್ತದೆ. ಜಾವಾದ ಹಿಂದಿನ ಸರಪಳಿ ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಅಡಗಿತ್ತು. ನಿಧಾನವಾಗಿ ಹೋಗುವಾಗಲೂ ಅದರ ಎಂಜಿನ್ನಿಗೆ ಎಳೆಯುವ ಕಸುವಿತ್ತು. ಹಿಂದೆ ಒಬ್ಬ, ಮುಂದೆ ಒಂದು ಚೀಲ ಇದ್ದರೂ ಏರು ಹತ್ತುತ್ತಿತ್ತು. ವೇಗದ ಮಾಪಕ ಮುಂದಿನ ದೀಪದ ಬುರುಡೆಯಲ್ಲಿಯೇ ಕುಳಿತಿತ್ತು. ಒಂದೇ ಸಿಲಿಂಡರು, ಆದರೆ ಎರಡು ಹೊಗೆಕೊಳವೆ, ಎಡಕ್ಕೊಂದು ಬಲಕ್ಕೊಂದು. ಎಲ್ಲಕ್ಕಿಂತ ಸೋಜಿಗದ್ದು ಎಡಗಾಲ ಬಳಿಯ ಒಂದು ಸನ್ನೆ. ಅದನ್ನು ಎತ್ತಿ ನಿಲ್ಲಿಸಿ ಒದ್ದರೆ ಎಂಜಿನ್ನು ಹೊತ್ತಿಕೊಳ್ಳುತ್ತದೆ. ಮತ್ತೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು ಬದಲಿಸುವ ಸನ್ನೆ. ಒಂದು ಧಾತುವಿಗೆ ಬೇರೆ ಬೇರೆ ಪ್ರತ್ಯಯ ಹಚ್ಚಿ ಬೇರೆ ಬೇರೆ ಕೆಲಸ ತೆಗೆದಂತೆ, ಒಂದೇ ಕಬ್ಬಿಣದ ತುಂಡಿನಿಂದ ಎರಡು ಕೆಲಸ. ಅದನ್ನು ರೂಪಿಸಿದವನು ಮಿತವ್ಯಯಿಯೂ ಹೌದು, ರಸಿಕನೂ ಹೌದು.

ಈಗ ಎಂಜಿನ್ನಿನ ಒಳಮರ್ಮ. ಪೆಟ್ರೋಲಿನ ಎಂಜಿನ್ನಿನಲ್ಲಿ ನಾಲ್ಕು ಕ್ರಿಯೆಗಳು ನಡೆಯಬೇಕು: ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಅದುಮುವುದು, ಹೊತ್ತಿಸಿ ಕಸುವು ಪಡೆಯುವುದು, ಹೊಗೆಯನ್ನು ಹೊರದೂಡುವುದು. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಎಂಜಿನ್ನು ಈ ನಾಲ್ಕಕ್ಕೂ ಪಿಸ್ಟನ್ನಿನ ಒಂದೊಂದು ನಡೆಯನ್ನು ಮೀಸಲಿಡುತ್ತದೆ. ಆದ್ದರಿಂದ ಗಾಲಿದಂಡ ಎರಡು ಸುತ್ತು ತಿರುಗಿದರೆ ಒಂದು ಸಲ ಕಸುವು. ಜಾವಾ ಟೂ ಸ್ಟ್ರೋಕ್ ಜಾತಿಯದು. ಎರಡೇ ನಡೆಗಳಲ್ಲಿ ನಾಲ್ಕನ್ನೂ ಮುಗಿಸಿ ಪ್ರತಿ ಸುತ್ತಿಗೂ ಒಂದು ಸಲ ಕಸುವನ್ನು ಕೊಡುತ್ತದೆ. ಸದ್ದು ಒಂದರ ಬೆನ್ನಿಗೊಂದು ಬರುತ್ತಿದ್ದುದು ಇದರಿಂದ. ಬಾಗಿಲು ತೆರೆದು ಮುಚ್ಚಲು ಅದರಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿಯ ಕಿಂಡಿಗಳನ್ನು ಪಿಸ್ಟನ್ನೇ ಹತ್ತಿ ಇಳಿಯುತ್ತ ತೆರೆದು ಮುಚ್ಚುತ್ತದೆ. ಚಲಿಸುವ ಭಾಗಗಳು ಕಡಿಮೆ; ಕೆಟ್ಟರೆ ಸಾಮಾನ್ಯ ಮೇಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲ. ಎಣ್ಣೆಗೆ ಬೇರೆ ಕೊಳವಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಆ ಎಣ್ಣೆಯೂ ಉರಿದು ಹಿಂದೆ ನೀಲಿ ಹೊಗೆಯ ಬಾಲವಾಗುತ್ತಿತ್ತು. ಆ ಹೊಗೆಯ ವಾಸನೆಯನ್ನು ಇಂದಿಗೂ ಅಕ್ಕರೆಯಿಂದ ನೆನೆಯುವವರುಂಟು. ಅದು ಶ್ವಾಸಕೋಶದ ಮಾತಲ್ಲ, ನೆನಪಿನ ಮಾತು.

ಆದರೆ ಇದರೊಳಗೆ ಒಂದು ಲೋಪವುಂಟು. ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸವನ್ನು ಒಳಬರುವ ಹೊಸ ಮಿಶ್ರಣವೇ ಮಾಡಬೇಕು. ಎರಡೂ ಕಿಂಡಿಗಳು ಕ್ಷಣಕಾಲ ಒಟ್ಟಿಗೆ ತೆರೆದಿರುತ್ತವೆ. ಹಳಬರನ್ನು ಕಳಿಸಲು ಬಾಗಿಲಿಗೆ ಹೋದ ಹೊಸಬರಲ್ಲಿ ಕೆಲವರು ತಾವೂ ಹೊರಟುಹೋದಂತೆ, ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಲೀಟರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಓಡಿದರೆ ಸಾಕು ಎಂದುಕೊಂಡಿದ್ದ ಕಾಲದಲ್ಲಿ ಈ ಲೋಪವನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

೧೯೭೦ರ ದಶಕದ ಮೊದಲ ಭಾಗದಲ್ಲಿ ಚೆಕ್ ಕಂಪನಿಯ ಪರವಾನಗಿಯ ಅವಧಿ ಮುಗಿಯಿತು. ೧೯೭೩ರ ಸುಮಾರಿಗೆ ಜಾವಾ ಎಂಬ ಹೆಸರು ಮೈಸೂರಿನ ವಾಹನದಿಂದ ಮರೆಯಾಗಿ ‘ಯೆಜ್ಡಿ’ ಎಂಬ ಹೊಸ ಹೆಸರು ಬಂದಿತು. ಇರಾನ್ ದೇಶದ ಯಜ್ದ್ ನಗರ ಜರಥುಷ್ಟ್ರನ ಅನುಯಾಯಿಗಳ ಪುರಾತನ ನೆಲೆ. ಮಾಲೀಕರ ಮೂಲವನ್ನು ನೆನೆಯಿಸುವ ಹೆಸರದು. ನಮ್ಮ ರಾಜ್ಯವೂ ಆ ವರ್ಷದ ನವೆಂಬರಿನಲ್ಲಿಯೇ ‘ಮೈಸೂರು’ ಎಂಬ ಹೆಸರನ್ನು ಬಿಟ್ಟು ‘ಕರ್ನಾಟಕ’ವಾಯಿತು.

ಹೆಸರು ಬದಲಾದುದರಿಂದ ಗಿರಾಕಿ ಓಡಿಹೋದನೆ? ಇಲ್ಲ. ತೊಟ್ಟಿಯ ಮೇಲಿನ ಅಕ್ಷರ ಬೇರೆಯಾದರೂ ಒಳಗಿನ ಒಡಲು ಅದೇ ಆಗಿತ್ತು. ಅದೇ ಸದ್ದು, ಅದೇ ಎರಡು ಕೊಳವೆ, ಅದೇ ಎಡಗಾಲ ಸನ್ನೆ. ಜನ ಕೆಲಕಾಲ ಯೆಜ್ಡಿಯನ್ನೂ ಜಾವಾ ಎಂದೇ ಕರೆದರು. ಕ್ರಮೇಣ ಯೆಜ್ಡಿ ಎಂಬುದೂ ರೂಢವಾಯಿತು. ೧೯೭೮ರಲ್ಲಿ ಬಂದ ‘ರೋಡ್‌ಕಿಂಗ್’ ಎಂಬ ಮಾದರಿಯಂತೂ ಹಳೆಯ ಜಾವಾಕ್ಕಿಂತ ಹೆಚ್ಚು ಹೆಸರು ಮಾಡಿತು. ಸುಮಾರು ಹದಿನಾರು ಅಶ್ವಶಕ್ತಿಯ ಆ ಎಂಜಿನ್ನಿಗೆ ಸಮನಾದುದು ಅಂದಿನ ಬೀದಿಯಲ್ಲಿ ಅಪರೂಪ. ಕಾಳಿ ನದಿಯ ಜಲವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ವರ್ಷಗಳವು. ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದುದು ಆ ಯೋಜನೆಯಿಂದಲೇ. ಊರಿನ ಒಡಲು ಹೋಯಿತು, ಹೆಸರು ಜಲಾಶಯಕ್ಕೆ ಅಂಟಿಕೊಂಡು ಉಳಿಯಿತು. ಜಾವಾದ ವಿಷಯದಲ್ಲಿ ನಡೆದುದು ಇದಕ್ಕೆ ವಿಪರೀತ: ಹೆಸರು ಹೋಯಿತು, ಒಡಲು ಉಳಿಯಿತು.

ಹೆಸರು ಹಾಗೆಯೇ ಇದ್ದು ಒಡಲು ಮಾತ್ರ ಕಳೆದುಹೋದ ದೃಷ್ಟಾಂತ ಬೇಕೆಂದರೆ ಅಮೇರಿಕೆಗೆ ಹೋಗಬೇಕು. ಅಲ್ಲಿ ರ‍್ಯಾನ್ಸಮ್ ಓಲ್ಡ್ಸ್ ಎಂಬವನು ೧೮೯೭ರಲ್ಲಿ ಮಿಶಿಗನ್ ಪ್ರಾಂತದ ಲ್ಯಾನ್ಸಿಂಗ್ ಊರಿನಲ್ಲಿ ಆರಂಭಿಸಿದ ‘ಓಲ್ಡ್ಸ್‌ಮೊಬೈಲ್’ ಆ ದೇಶದ ಅತ್ಯಂತ ಹಳೆಯ ಕಾರಿನ ಹೆಸರುಗಳಲ್ಲೊಂದು. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿಗಿಂತ ಮೊದಲೇ, ೧೯೦೧ರಲ್ಲಿಯೇ, ಅದು ಒಂದೇ ಅಚ್ಚಿನ ಕಾರುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತ್ತು. ೧೯೦೮ರಲ್ಲಿ ಜನರಲ್ ಮೋಟರ್ಸ್ ಕಂಪನಿ ಅದನ್ನು ಕೊಂಡಿತು. ಆ ಕಂಪನಿಯವರು ತಮ್ಮ ಕಾರುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ಕೆಳಗಿನ ಮೆಟ್ಟಿಲು ಶೆವ್ರೊಲೆ, ಅದರ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಪಾದನೆ ಹೆಚ್ಚಿದಂತೆ ಗಿರಾಕಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಹತ್ತಬೇಕಾದರೆ ಮೆಟ್ಟಿಲುಗಳ ನಡುವೆ ಅಂತರವಿರಬೇಕಷ್ಟೆ. ಓಲ್ಡ್ಸ್‌ಮೊಬೈಲಿನ ಮೆಟ್ಟಿಲು ಹೊಸ ಯಂತ್ರವಿದ್ಯೆಯ ಮೆಟ್ಟಿಲು: ತಾನೇ ಗೇರು ಬದಲಿಸುವ ಕಾರು ೧೯೪೦ರ ಮಾದರಿಯಲ್ಲಿ, ‘ರಾಕೆಟ್’ ಎಂಬ ಎಂಟು ಸಿಲಿಂಡರಿನ ಎಂಜಿನ್ನು ೧೯೪೯ರಲ್ಲಿ, ಮುಂದಿನ ಗಾಲಿಗಳಿಗೆ ಕಸುವನ್ನು ಕೊಡುವ ಟೊರೊನಾಡೊ ೧೯೬೬ರಲ್ಲಿ. ೧೯೭೬ರಲ್ಲಿ ಅದರ ‘ಕಟ್ಲಾಸ್’ ಅಮೇರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಕಾರು. ೧೯೭೭ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಓಲ್ಡ್ಸ್‌ಮೊಬೈಲುಗಳು ಮಾರಾಟವಾದುವು.

ಬಿರುಕು ಕಂಡುದೂ ಆ ಏಳಿಗೆಯ ವರ್ಷದಲ್ಲಿಯೇ. ಬೇಡಿಕೆಗೆ ತಕ್ಕಷ್ಟು ರಾಕೆಟ್ ಎಂಜಿನ್ನುಗಳು ಸಿಗದೆ ಕಂಪನಿಯವರು ಎಷ್ಟೋ ಓಲ್ಡ್ಸ್‌ಮೊಬೈಲುಗಳಲ್ಲಿ ಶೆವ್ರೊಲೆಯ ಎಂಜಿನ್ನನ್ನು ಕೂಡಿಸಿ ಮಾರಿದರು. ಕೊಂಡವರಿಗೆ ಹೇಳಲಿಲ್ಲ. ಬಿಡಿಭಾಗ ಹೊಂದದೆ ಹೋದಾಗ ಗುಟ್ಟು ಹೊರಬಿದ್ದಿತು; ಗಿರಾಕಿಗಳು ನ್ಯಾಯಾಲಯಕ್ಕೆ ಹೋದರು; ಕಂಪನಿ ಪರಿಹಾರ ಕೊಡಬೇಕಾಯಿತು. ಶೆವ್ರೊಲೆಯ ಎಂಜಿನ್ನು ಕೆಟ್ಟದ್ದೇನಲ್ಲ. ಆದರೆ ಮೇಲಿನ ಮೆಟ್ಟಿಲಿಗೆಂದು ಬೆಲೆ ತೆತ್ತವನಿಗೆ ಕೆಳಗಿನ ಮೆಟ್ಟಿಲಿನದು ಸಿಕ್ಕಿತ್ತು. ಮುಂದೆ ಖರ್ಚು ಉಳಿಸುವ ಭರದಲ್ಲಿ ಎಂಜಿನ್ನು ಮಾತ್ರವಲ್ಲ, ಒಡಲುಗಳೂ ಒಂದೇ ಆದುವು. ೧೯೮೩ರಲ್ಲಿ ‘ಫಾರ್ಚೂನ್’ ಪತ್ರಿಕೆ ನಾಲ್ಕು ಹೆಸರುಗಳ ನಾಲ್ಕು ಕಾರುಗಳನ್ನು ಮುಖಪುಟದ ಮೇಲೆ ಒತ್ತಟ್ಟಿಗೆ ನಿಲ್ಲಿಸಿ ತೋರಿಸಿತು. ಗುರುತು ಹಿಡಿಯುವುದು ಕಷ್ಟವಾಗಿತ್ತು. ೧೯೮೮ರಲ್ಲಿ ‘ಇದು ನಿಮ್ಮ ತಂದೆಯ ಓಲ್ಡ್ಸ್‌ಮೊಬೈಲ್ ಅಲ್ಲ’ ಎಂಬ ಜಾಹೀರಾತನ್ನು ಹೊರಡಿಸಿದರು. ಹೊಸ ತಲೆಮಾರು ಬರಲಿಲ್ಲ. ಆ ವರೆಗೆ ಕೊಳ್ಳುತ್ತಿದ್ದ ತಂದೆಯರಿಗೆ ಮನಸ್ಸು ಮುರಿಯಿತು. ತಂದೆಯ ಹೆಸರನ್ನು ಅಲ್ಲಗಳೆದು ಮಗನ ಮನ್ನಣೆ ಗಳಿಸಬಹುದೆಂಬ ಎಣಿಕೆಯಲ್ಲಿ ಲೋಕಜ್ಞಾನ ಕಡಿಮೆಯೆನ್ನದೆ ವಿಧಿಯಿಲ್ಲ. ೨೦೦೦ದ ಹೊತ್ತಿಗೆ ಮಾರಾಟ ಮೂರು ಲಕ್ಷಕ್ಕೂ ಕೆಳಗಿಳಿಯಿತು. ಆ ಡಿಸೆಂಬರಿನಲ್ಲಿ ಮುಚ್ಚುವ ಮಾತು ಹೊರಬಿದ್ದು, ೨೦೦೪ರ ಏಪ್ರಿಲಿನಲ್ಲಿ ಲ್ಯಾನ್ಸಿಂಗಿನಲ್ಲಿಯೇ ಕೊನೆಯ ಓಲ್ಡ್ಸ್‌ಮೊಬೈಲ್ ಹೊರಬಂದಿತು. ನೂರೇಳು ವರ್ಷದ ಬಾಳು.

ಮೈಸೂರಿನ ವಾಹನ ತನ್ನತನವನ್ನು ಹೀಗೆ ಕಳೆದುಕೊಂಡುದಲ್ಲ. ಅದು ಕೊನೆಯವರೆಗೂ ತಾನಾಗಿಯೇ ಇದ್ದಿತು. ಅದರ ಸುತ್ತಲಿನ ಕಾಲ ಬೇರೆಯಾಯಿತು.

ಲೈಸೆನ್ಸಿನ ಆ ದಿನಗಳಲ್ಲಿ ಯಾವ ಕಾರಖಾನೆ ಎಷ್ಟು ವಾಹನ ತಯಾರಿಸಬೇಕೆಂಬುದನ್ನೂ ಸರಕಾರವೇ ಗೊತ್ತುಮಾಡುತ್ತಿತ್ತು. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದುದನ್ನು ಮರೆತವರಿಲ್ಲ. ತಯಾರಾದುದೆಲ್ಲ ಮಾರಾಟವಾಗುತ್ತಿದ್ದಾಗ ಬದಲಾಯಿಸಬೇಕೆಂಬ ಒತ್ತಡ ಯಾರಿಗೂ ಇರಲಿಲ್ಲ. ಗಿರಾಕಿಯ ಸಹನೆಯೇ ಕಾರಖಾನೆಯ ಆಸ್ತಿಯಾಗಿತ್ತು. ೧೯೮೦ರ ದಶಕದ ಆರಂಭದಲ್ಲಿ ಸರಕಾರ ೧೦೦ ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶೀ ಸಹಯೋಗವನ್ನು ಅನುಮತಿಸಿತು. ಜಪಾನಿನ ನಾಲ್ಕು ಪ್ರಸಿದ್ಧ ಕಂಪನಿಗಳೂ ಒಂದರ ಹಿಂದೊಂದರಂತೆ ಬಂದುವು. ೧೯೮೪ರಲ್ಲಿ ಹೊಸೂರಿನಿಂದ ಇಂಡ್–ಸುಝುಕಿ. ೧೯೮೫ರಲ್ಲಿ ಹೀರೊ ಹೊಂಡಾ ಮತ್ತು ಯಮಾಹಾ ಆರ್‌ಎಕ್ಸ್ ೧೦೦. ೧೯೮೬ರಲ್ಲಿ ಕವಾಸಾಕಿ ಬಜಾಜ್. ಮೂರು ಹೆಸರುಗಳ ಬೀದಿಯಲ್ಲಿ ಏಳೆಂಟು ಹೆಸರುಗಳಾದುವು.

ಇವುಗಳಲ್ಲಿ ಸುಝುಕಿ, ಯಮಾಹಾ, ಕವಾಸಾಕಿಗಳು ಯೆಜ್ಡಿಯಂತೆ ಟೂ ಸ್ಟ್ರೋಕ್ ಜಾತಿಯವೇ. ಆದರೆ ಹಗುರ, ಚುರುಕು, ಬಿಗಿಯಾದ ಜೋಡಣೆ. ಹೀರೊ ಹೊಂಡಾ ಫೋರ್ ಸ್ಟ್ರೋಕ್. ಮೇಲೆ ಹೇಳಿದ ಲೋಪ ಅದರಲ್ಲಿ ಇರಲಿಲ್ಲ; ಪೆಟ್ರೋಲಿನ ಹನಿಹನಿಯೂ ಉರಿದು ಕೆಲಸಕ್ಕೆ ಬರುತ್ತಿತ್ತು. ಲೀಟರಿಗೆ ಎಂಬತ್ತು ಕಿಲೋಮೀಟರ್ ಎಂದು ಸಾರಿದರು. ‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಎಂಬುದು ಅದರ ಜಾಹೀರಾತು. ೧೯೭೩ ಹಾಗೂ ೧೯೭೯ರ ತೈಲಸಂಕಟಗಳ ಬಳಿಕ ಬೆಲೆಯ ಬಿಸಿ ತಿಂದಿದ್ದ, ಪಗಾರದ ಮೇಲೆ ಬಾಳುವ ಶಿಕ್ಷಕನಿಗೂ ಗುಮಾಸ್ತನಿಗೂ ಆ ಮಾತು ಮಂತ್ರದಂತೆ ಕೇಳಿಸಿದುದರಲ್ಲಿ ಅಚ್ಚರಿಯಿಲ್ಲ. ದಾಂಡೇಲಿಯಿಂದ ಧಾರವಾಡಕ್ಕೆ ಹೋಗಿಬರುವವನು ಯೆಜ್ಡಿಯಲ್ಲಿ ನಾಲ್ಕು ಲೀಟರಿನಷ್ಟು ಸುಡಬೇಕಾದಲ್ಲಿ ಹೊಸದರಲ್ಲಿ ಎರಡಕ್ಕೂ ಕಡಿಮೆ ಸಾಕು. ಎಣ್ಣೆ ಬೆರೆಸುವ ಗೋಜೂ ಇಲ್ಲ. ವಾಹನವನ್ನು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ ಕೂಡಿಸುವುದರಲ್ಲಿ ಆನಂದಪಡುವ ಯುವಕರು ಯೆಜ್ಡಿಯೊಡನೆ ಉಳಿದರು. ಆದರೆ ಗಿರಾಕಿಗಳಲ್ಲಿ ಹೆಚ್ಚಿನವರು ಯುವಕರಲ್ಲ, ಸಂಸಾರಿಗಳು.

ಕಾರಖಾನೆಯವರು ಸುಮ್ಮನೆ ಕುಳಿತಿದ್ದರೆಂದು ಹೇಳಲಾಗದು. ಎಣ್ಣೆಯನ್ನು ತಾನೇ ಬೆರೆಸಿಕೊಳ್ಳುವ ‘ಆಯಿಲ್ ಕಿಂಗ್’ ಎಂಬ ಮಾದರಿಯನ್ನು ತಂದರು; ಅದು ನೆಲೆಯೂರಲಿಲ್ಲ. ೧೭೫ ಸಿ.ಸಿ.ಯ ಚಿಕ್ಕದನ್ನೂ, ಎರಡು ಸಿಲಿಂಡರಿನ ೩೫೦ ಸಿ.ಸಿ.ಯ ದೊಡ್ಡದನ್ನೂ, ಅರವತ್ತು ಸಿ.ಸಿ.ಯ ಪುಟ್ಟ ವಾಹನಗಳನ್ನೂ ಹೊರಡಿಸಿದರು. ಡಿಲಕ್ಸ್, ಕ್ಲಾಸಿಕ್, ಮೊನಾರ್ಕ್ ಎಂದು ಹೆಸರುಗಳನ್ನು ಹೆಚ್ಚಿಸಿದರು. ಆದರೆ ೨೫೦ ಸಿ.ಸಿ.ಯ ಮೂಲ ಎಂಜಿನ್ನು ಮೂವತ್ತೈದು ವರ್ಷಗಳ ಕಾಲ ಮೂಲತಃ ಅದೇ ಆಗಿ ಉಳಿಯಿತು. ಫೋರ್ ಸ್ಟ್ರೋಕ್ ಎಂಜಿನ್ನನ್ನು ಹೊಸದಾಗಿ ರೂಪಿಸಬೇಕಾದರೆ ಅಪಾರ ಬಂಡವಾಳ ಬೇಕು, ಇಲ್ಲವೆ ಕಲಿಸಿಕೊಡುವ ಗುರು ಬೇಕು. ಹಳೆಯ ಗುರುವಾದ ಚೆಕ್ ಕಾರಖಾನೆಯೂ ಅದೇ ಟೂ ಸ್ಟ್ರೋಕ್ ಪಾಠವನ್ನೇ ಹೇಳುತ್ತಿತ್ತು. ೧೯೮೯ರಲ್ಲಿ ಆ ದೇಶದ ರಾಜ್ಯವ್ಯವಸ್ಥೆ ಬದಲಾದ ಮೇಲೆ ಅದಕ್ಕೂ ತನ್ನ ನೆಲೆ ನಿಲ್ಲಿಸಿಕೊಳ್ಳುವುದೇ ದುಸ್ತರವಾಯಿತು. ಜಪಾನಿನ ಗುರುಗಳು ಬೇರೆ ಶಿಷ್ಯರನ್ನು ಆರಿಸಿಕೊಂಡಾಗಿತ್ತು.

ಮೇಲಾಗಿ ಕಾನೂನು ಬಂದಿತು. ವಾಹನಗಳು ಉಗುಳುವ ವಿಷಾನಿಲದ ಮೇಲೆ ಭಾರತದಲ್ಲಿ ೧೯೯೧ರಲ್ಲಿ ಮೊದಲ ಮಿತಿ ಜಾರಿಗೆ ಬಂದು, ೧೯೯೬ರ ಏಪ್ರಿಲಿನಿಂದ ಅದು ಇನ್ನೂ ಬಿಗಿಯಾಯಿತು. ಉರಿಯದ ಪೆಟ್ರೋಲನ್ನು ಹೊರಹಾಕುವುದು ಯಾವ ಎಂಜಿನ್ನಿನ ಹುಟ್ಟುಗುಣವೋ ಅದಕ್ಕೆ ಈ ಮಿತಿ ಕೊರಳಿಗೆ ಬಂದಿತು. ಕಾರ್ಮಿಕರಿಗೂ ಆಡಳಿತಕ್ಕೂ ನಡುವಿನ ತಗಾದೆಗಳೂ ಹಣದ ಮುಗ್ಗಟ್ಟೂ ಅದೇ ಕಾಲಕ್ಕೆ ಕೂಡಿಕೊಂಡುವು. ೧೯೯೬ರಲ್ಲಿ ಯಾದವಗಿರಿಯ ಕಾರಖಾನೆ ನಿಂತಿತು. ೨೦೦೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಪನಿಯನ್ನು ವಿಸರ್ಜಿಸಲು ಆದೇಶಿಸಿತು. ಇದರಲ್ಲಿ ಯಾವುದು ಮೊದಲಿನ ಕಾರಣ, ಯಾವುದು ಕೊನೆಯದು ಎಂದು ಕೇಳಿದರೆ ಮಾಲೀಕರ ಕಡೆಯವರು ಒಂದನ್ನೂ ದುಡಿದವರು ಇನ್ನೊಂದನ್ನೂ ಹೇಳುತ್ತಾರೆ. ಇಪ್ಪತ್ತು–ಮೂವತ್ತು ವರ್ಷ ಅಲ್ಲಿ ಒಂದೇ ಕೈಕೆಲಸದಲ್ಲಿ ಪಳಗಿದವರಿಗೆ ಆ ಚರ್ಚೆಯಿಂದ ಸಿಕ್ಕುದೇನೂ ಇಲ್ಲ. ನಡುವಯಸ್ಸಿನ ಮನುಷ್ಯ ಕಲಿತ ವಿದ್ಯೆಯೇ ಬೇಡವಾದಾಗ ಏನು ಮಾಡಬೇಕು? ದಾಂಡೇಲಿಯಲ್ಲಿ ಪ್ಲೈವುಡ್ ಕಾರಖಾನೆಯೂ ಫೆರೊ ಅಲಾಯ್ ಕಾರಖಾನೆಯೂ ಬಾಗಿಲೆಳೆದುದನ್ನು ಕಂಡವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈರನ್ನಿನ ಸದ್ದು ನಿಂತ ಊರಿನಲ್ಲಿ ಮೊದಲು ಖಾಲಿಯಾಗುವುದು ಚಹದ ಅಂಗಡಿ. ಆಮೇಲೆ ಶಾಲೆಯ ಹಾಜರಿಪುಸ್ತಕ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬುಲೆಟ್ಟೂ ಹಳೆಯದೇ, ಭಾರವಾದುದೇ, ೧೯೫೫ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಅದೂ ಬಹುಕಾಲ ಬದಲಾಗಲಿಲ್ಲ. ಅದು ಹೇಗೆ ಉಳಿಯಿತು? ಅದರ ಎಂಜಿನ್ನು ಮೊದಲಿನಿಂದಲೂ ಫೋರ್ ಸ್ಟ್ರೋಕ್ ಆದುದರಿಂದ ಹೊಗೆಯ ಕಾನೂನು ಅದನ್ನು ಅಷ್ಟಾಗಿ ಕಚ್ಚಲಿಲ್ಲ. ೧೯೯೦ರ ದಶಕದಲ್ಲಿ ಐಷರ್ ಎಂಬ ಟ್ರ್ಯಾಕ್ಟರಿನ ಕಂಪನಿ ಅದನ್ನು ಕೈಗೆ ತೆಗೆದುಕೊಂಡಿತು. ನಷ್ಟದ ವರ್ಷಗಳಲ್ಲಿ ಆಸರೆ ದೊರೆಯಿತು. ಹಾಗೆ ಬದುಕಿ ಉಳಿದುದರಿಂದಲೇ ಮುಂದೆ ಎಂಜಿನ್ನನ್ನು ಹೊಸದಾಗಿ ರೂಪಿಸಲು ಕಾಲಾವಕಾಶ ಸಿಕ್ಕಿತು. ಆದ್ದರಿಂದ ಹಳೆಯತನವೇ ಯೆಜ್ಡ‌ಿಯನ್ನು ಕೊಂದಿತೆಂದು ಹೇಳುವುದು ಸರಿಯಲ್ಲ. ಯಾವ ಗುಣದಿಂದ ಅದು ಹೆಸರಾಯಿತೋ ಆ ಗುಣವೇ ಕಾನೂನಿನ ಕಣ್ಣಿಗೆ ದೋಷವಾಯಿತು. ಆ ಗುಣವನ್ನು ತೆಗೆದರೆ ಯೆಜ್ಡಿ ಯೆಜ್ಡಿಯಾಗಿ ಉಳಿಯುತ್ತಿರಲಿಲ್ಲ. ಓಲ್ಡ್ಸ್‌ಮೊಬೈಲಿಗೆ ಇಂಥ ಧರ್ಮಸಂಕಟವಿರಲಿಲ್ಲ. ತನ್ನತನವನ್ನು ಇಟ್ಟುಕೊಳ್ಳಲು ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಉಳಿತಾಯಕ್ಕಾಗಿ ತಾನೇ ಬಿಟ್ಟುಕೊಟ್ಟಿತು.

ಕಾರಖಾನೆ ಮುಚ್ಚಿದ ಮೇಲೆಯೂ ವಾಹನಗಳು ಓಡುವುದನ್ನು ನಿಲ್ಲಿಸಲಿಲ್ಲ. ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು ಮುಂದುವರಿದರು. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ–ಯೆಜ್ಡಿಗಳನ್ನು ಕಾಪಾಡುವ ಅಭಿಮಾನಿಗಳ ಕೂಟಗಳು ಹುಟ್ಟಿದುವು. ಪ್ರತಿವರ್ಷ ಜುಲೈ ತಿಂಗಳಿನ ಎರಡನೆಯ ರವಿವಾರವನ್ನು ಅವರು ಜಾವಾ ದಿನವೆಂದು ಆಚರಿಸಿ ಸಾಲಾಗಿ ಮೆರವಣಿಗೆ ಹೊರಡುತ್ತಾರೆ. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಗಾಡಿಗೆ ಈಗ ಹೊಸ ಗಾಡಿಯ ಬೆಲೆ ಕೊಡಲು ಜನರಿದ್ದಾರೆ. ವಾಹನಕ್ಕೆ ಸಿಕ್ಕ ಈ ಸದ್ಗತಿಯಲ್ಲಿ ಕಾರಖಾನೆಯಲ್ಲಿ ದುಡಿದವನಿಗೆ ಪಾಲಿಲ್ಲವೆಂಬುದು ಬೇರೆ ಮಾತು.

೨೦೧೮ರ ನವೆಂಬರಿನಲ್ಲಿ, ಮಹೀಂದ್ರಾ ಕಂಪನಿಯ ಬಂಡವಾಳವುಳ್ಳ ‘ಕ್ಲಾಸಿಕ್ ಲೆಜೆಂಡ್ಸ್’ ಎಂಬ ಸಂಸ್ಥೆ ಜಾವಾ ಎಂಬ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. ೨೦೨೨ರ ಜನವರಿಯಲ್ಲಿ ಯೆಜ್ಡಿಯೂ ಮರಳಿತು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ತೊಟ್ಟಿಯ ಆಕಾರ, ಬಣ್ಣ, ದೀಪದ ದುಂಡು ಎಲ್ಲವೂ ಹಳೆಯದನ್ನು ನೆನಪಿಗೆ ತರುವಂತಿವೆ. ಎಂಜಿನ್ನು ಮಾತ್ರ ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್. ನೀಲಿ ಹೊಗೆಯಿಲ್ಲ, ಎಣ್ಣೆ ಬೆರೆಸುವುದಿಲ್ಲ, ಟಂಟಂಕಾರವೂ ಇಲ್ಲ. ಹೊಸ ಜಾವಾದಲ್ಲಿ ಸಿಲಿಂಡರು ಒಂದೇ ಇದ್ದರೂ ಹೊಗೆಕೊಳವೆಗಳನ್ನು ಎರಡು ಇಟ್ಟಿದ್ದಾರೆ, ಎಡಕ್ಕೊಂದು, ಬಲಕ್ಕೊಂದು. ಗುಂಡಿಯನ್ನೊತ್ತಿದರೆ ಎಂಜಿನ್ನು ಹೊತ್ತಿಕೊಳ್ಳುತ್ತದೆ. ಎಡಗಾಲ ಬಳಿಯ ಸನ್ನೆ ಗೇರು ಬದಲಿಸುವುದಕ್ಕೆ ಮಾತ್ರ.